ಸುಂಕವೂ ಋಣವೂ: ಸರ್ ದೊರಾಬ್ಜಿ ತಾತಾ ಅವರ ಜೀವನ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು ಎಂಬುದು ನಮ್ಮ ಹಿರಿಯರ ಗಾದೆ. ಕಟ್ಟೆಯ ಬಳಿ ಗಾಡಿ ನಿಲ್ಲಿಸಿದ ವರ್ತಕನ ಅನುಭವದಿಂದ ಹುಟ್ಟಿದ ಮಾತಿದು. ಆದರೆ ಒಂದು ದೇಶದ ಹಿರಿಯ ಕೈಗಾರಿಕೆಯೇ ಸುಂಕದ ಕಟ್ಟೆಯ ಮುಂದೆ ಬಂದು ನಿಂತು, ತಾನು ಉಳಿಯಬೇಕಾದರೆ ಪರದೇಶದ ಸರಕಿನ ಮೇಲೆ ಸುಂಕವನ್ನು ಏರಿಸಬೇಕೆಂದು ಬೇಡಿಕೊಂಡ ಪ್ರಸಂಗವೂ ಉಂಟು. ೧೯೨೪ರಲ್ಲಿ ಭಾರತದ ಉಕ್ಕಿನ ಕೈಗಾರಿಕೆಯು ಹಾಗೆ ನಿಂತಿತು. ಆ ಕೈಗಾರಿಕೆಯ ಯಜಮಾನರಾಗಿದ್ದವರು ಸರ್ ದೊರಾಬ್ಜಿ ತಾತಾ ಅವರು. ಜಮಶೇಟ್‌ಜಿಯವರ ಮಗನೆಂದು ಅವರನ್ನು ಲೋಕವು ಬಲ್ಲದು; ತಂದೆಯ ಕೀರ್ತಿಯ ನೆರಳಿನಲ್ಲಿ ಮಗನ ಜೀವನವು ಮರೆಯಾಗಿಹೋಗಿದೆ. ಲೋಹಗಳ ಮೇಲಿನ ಆಮದು ಸುಂಕದ ಪ್ರಶ್ನೆಯು ದೇಶದೇಶಗಳಲ್ಲಿ ಮತ್ತೆ ತಲೆಯೆತ್ತಿರುವುದರಿಂದ, ಸುಂಕವೆಂದರೇನು, ಅದನ್ನು ಕೊಡುವವರಾರು, ಉಣ್ಣುವವರಾರು ಎಂಬುದನ್ನು ಈ ಒಬ್ಬ ಪುರುಷನ ಜೀವನದ ಮೂಲಕ ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ದೊರಾಬ್ಜಿಯವರು ೧೮೫೯ನೆಯ ಆಗಸ್ಟ್ ೨೭ರಂದು ಮುಂಬಯಿಯಲ್ಲಿ ಜನಿಸಿದರು. ಬಾಲ್ಯದ ವಿದ್ಯಾಭ್ಯಾಸವು ಅಲ್ಲಿಯೇ ಜರುಗಿತು. ಹದಿನಾರನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಓದಿ, ೧೮೭೯ರಲ್ಲಿ ಹಿಂದಿರುಗಿದರು. ಅನಂತರ ಮುಂಬಯಿಯ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ವ್ಯಾಸಂಗವನ್ನು ಮುಂದುವರಿಸಿ ೧೮೮೨ರಲ್ಲಿ ಪದವೀಧರರಾದರು. ಸಿರಿವಂತರ ಮಗನಾದರೂ ತಂದೆಯು ಅವರನ್ನು ಕೂಡಲೆ ಗಾದಿಯ ಮೇಲೆ ಕೂರಿಸಲಿಲ್ಲ. ಎರಡು ವರ್ಷ ಕಾಲ ಅವರು ಬಾಂಬೆ ಗೆಜೆಟ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. ನಮ್ಮ ವೃತ್ತಿಯವರೊಬ್ಬರು ಮುಂದೆ ಉಕ್ಕಿನ ದೊರೆಯಾದರೆಂದು ಪತ್ರಿಕಾಕರ್ತರಾದ ನಾವು ಹೆಮ್ಮೆಪಟ್ಟರೆ ವಾಚಕರು ಕ್ಷಮಿಸಬೇಕು. ೧೮೮೪ರಲ್ಲಿ ತಂದೆಯ ಹತ್ತಿಯ ವ್ಯಾಪಾರವನ್ನು ಸೇರಿ, ಮೊದಲು ಪುದುಚೇರಿಗೂ ಬಳಿಕ ನಾಗಪುರದ ಎಂಪ್ರೆಸ್ ಗಿರಣಿಗೂ ಹೋಗಿ ಕಸುಬನ್ನು ಬುಡದಿಂದ ಕಲಿತರು.

ಅವರಿಗೂ ನಮ್ಮ ನಾಡಿಗೂ ಸಂಬಂಧವೊದಗಿದ್ದು ವಿವಾಹದಿಂದ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ಹೋರ್ಮುಸ್‌ಜಿ ಭಾಭಾ ಅವರ ಮಗಳು ಮೆಹರ್‌ಬಾಯಿಯವರು ಬೆಂಗಳೂರಿನಲ್ಲಿ ಬೆಳೆದವರು. ಮೈಸೂರು ಸೀಮೆಗೆ ಬಂದಿದ್ದ ಜಮಶೇಟ್‌ಜಿಯವರು ಆ ಮನೆತನದ ಪರಿಚಯಮಾಡಿಕೊಂಡು, ಅವರನ್ನು ಕಂಡು ಬರುವಂತೆ ಮಗನಿಗೆ ಸೂಚಿಸಿದರು. ೧೮೯೮ನೆಯ ಫೆಬ್ರವರಿಯಲ್ಲಿ ವಿವಾಹವು ನೆರವೇರಿತು. ಆಗ ವರನಿಗೆ ಮೂವತ್ತೆಂಟು ವರ್ಷ. ಪರಮಾಣು ವಿಜ್ಞಾನಿ ಹೋಮಿ ಭಾಭಾ ಅವರು ಈ ಮೆಹರ್‌ಬಾಯಿಯವರ ಸೋದರನ ಮಗ.

ಭಾರತದಲ್ಲಿ ಉಕ್ಕನ್ನು ತಯಾರಿಸಬೇಕೆಂಬುದು ಜಮಶೇಟ್‌ಜಿಯವರ ಬಹುಕಾಲದ ಹಂಬಲ. ೧೮೯೯ರಲ್ಲಿ ಗಣಿಗಳ ನಿಯಮಗಳು ಸಡಿಲವಾದ ಮೇಲೆ ಅವರು ೧೯೦೨ರಲ್ಲಿ ಅಮೆರಿಕಕ್ಕೆ ಹೋಗಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ನಿಪುಣರನ್ನು ಗೊತ್ತುಮಾಡಿದರು. ಪೆರಿನ್ನರ ಸಹೋದ್ಯೋಗಿ ವೆಲ್ಡ್ ಎಂಬವರು ಅದಿರಿನ ಶೋಧನೆಗಾಗಿ ಬಂದಾಗ ಅವರೊಡನೆ ಚಾಂದಾ ಜಿಲ್ಲೆಯ ಕಾಡುಗಳನ್ನು ಸುತ್ತಿದವರು ದೊರಾಬ್ಜಿಯವರು. ನೀರಿಗೆ ಕೊರತೆ, ಊಟಕ್ಕೆ ತೊಂದರೆ, ಕಾಡುಮೃಗಗಳ ಭಯ. ಇಷ್ಟೆಲ್ಲ ಪಟ್ಟರೂ ಅಲ್ಲಿ ಸಾಕಷ್ಟು ಅದಿರು ದೊರೆಯಲಿಲ್ಲ. ಪ್ರಯತ್ನವನ್ನು ಕೈಬಿಡುವುದಾಗಿ ತಿಳಿಸಲು ದೊರಾಬ್ಜಿಯವರು ನಾಗಪುರದ ಸರ್ಕಾರಿ ಕಚೇರಿಗೆ ಹೋದರು. ಕಾಣಬೇಕಾದ ಅಧಿಕಾರಿಯು ಆಗ ಇರಲಿಲ್ಲ. ಹೊತ್ತು ಕಳೆಯಲು ಎದುರಿಗಿದ್ದ ವಸ್ತುಸಂಗ್ರಹಾಲಯಕ್ಕೆ ಹೋದವರು ಗೋಡೆಯ ಮೇಲಿನ ಭೂಗರ್ಭ ನಕ್ಷೆಯೊಂದನ್ನು ಕಂಡರು. ದುರ್ಗ್ ಜಿಲ್ಲೆಯ ಭಾಗದಲ್ಲಿ ಕಬ್ಬಿಣದ ಗುರುತಿನ ಬಣ್ಣವು ದಟ್ಟವಾಗಿತ್ತು. ಅಲ್ಲಿಗೆ ಹೋಗಿ ನೋಡಲಾಗಿ, ಕಾಲಿಟ್ಟ ಕಡೆ ಲೋಹದಂತೆ ಸದ್ದಾಗುವ ಧಲ್ಲಿ ರಾಜಹರಾ ಬೆಟ್ಟಗಳು ಗೋಚರಿಸಿದವು. ಸ್ವತಂತ್ರ ಭಾರತದ ಭಿಲಾಯಿ ಕಾರ್ಖಾನೆಗೆ ಅದಿರನ್ನೊದಗಿಸಿದ ಬೆಟ್ಟಗಳು ಇವೇ. ತಾತಾ ಅವರಿಗಾದರೋ ಕೊನೆಗೆ ಅನುಕೂಲವಾದದ್ದು ಮಯೂರಭಂಜ ಸಂಸ್ಥಾನ. ಅಲ್ಲಿಯ ಅದಿರನ್ನು ಕಂಡುಹಿಡಿದು ೧೯೦೪ರಲ್ಲಿ ಪತ್ರಮುಖೇನ ತಿಳಿಸಿದವರು ಭೂಗರ್ಭಶಾಸ್ತ್ರಜ್ಞ ಪ್ರಮಥನಾಥ ಬೋಸರು. ಅದೇ ವರ್ಷ ಮೇ ೧೯ರಂದು ಜಮಶೇಟ್‌ಜಿಯವರು ಜರ್ಮನಿಯಲ್ಲಿ ಕಾಲವಾದರು. ಹೊರೆಯು ಮಗನ ಹೆಗಲಿಗೆ ಬಿತ್ತು.

ಬಂಡವಾಳವನ್ನು ಮೊದಲು ಲಂಡನ್ನಿನಲ್ಲಿ ಅರಸಿದರು. ಅಲ್ಲಿಯ ಧನಿಕರು ಮನಸ್ಸು ಮಾಡಲಿಲ್ಲ. ಆಗ ದೊರಾಬ್ಜಿಯವರೂ ಅವರ ಜೊತೆಗಾರರೂ ಸ್ವದೇಶದ ಜನರ ಮೊರೆಹೊಕ್ಕರು. ಸ್ವದೇಶೀ ಚಳವಳಿಯು ಉಬ್ಬಿದ್ದ ಕಾಲವದು. ೧೯೦೭ನೆಯ ಆಗಸ್ಟ್ ತಿಂಗಳಲ್ಲಿ ಕಂಪೆನಿಯು ಸ್ಥಾಪಿತವಾಯಿತು. ಮೂರು ವಾರಗಳಲ್ಲಿ ಸುಮಾರು ೮,೦೦೦ ಮಂದಿ ಭಾರತೀಯರು ಸುಮಾರು ೨ ಕೋಟಿ ೩೨ ಲಕ್ಷ ರೂಪಾಯಿಗಳನ್ನು ತಂದು ಸುರಿದರು. ಗ್ವಾಲಿಯರಿನ ಮಹಾರಾಜರು ಸಾಲಪತ್ರಗಳನ್ನು ಕೊಂಡು ನೆರವಾದರು. ಸಾಕ್ಚಿ ಎಂಬ ಕಾಡಿನ ಹಳ್ಳಿಯಲ್ಲಿ ಊದುಕುಲುಮೆಗಳು ಎದ್ದವು. ೧೯೧೧ನೆಯ ಡಿಸೆಂಬರಿನಲ್ಲಿ ಕಬ್ಬಿಣವೂ, ೧೯೧೨ನೆಯ ಫೆಬ್ರವರಿಯಲ್ಲಿ ಉಕ್ಕೂ ಹೊರಬಂದವು. ವರ್ಷಕ್ಕೆ ೨೦,೦೦೦ ಟನ್ನಿನಂತೆ ಹತ್ತು ವರ್ಷ ರೈಲುಕಂಬಿಗಳನ್ನು ಆಮದಿನ ಬೆಲೆಗೆ ಕೊಳ್ಳುವುದಾಗಿ ಸರ್ಕಾರವು ಒಪ್ಪಿತ್ತು. ಭಾರತೀಯರು ರೈಲುಕಂಬಿ ಮಾಡುವುದುಂಟೇ ಎಂದು ಹಾಸ್ಯಮಾಡಿದ ಬಿಳಿಯ ಅಧಿಕಾರಿಗಳೂ ಇದ್ದರು. ೧೯೧೪ರ ಮಹಾಯುದ್ಧ ಬಂದಾಗ ಮೆಸೊಪೊಟೇಮಿಯ, ಈಜಿಪ್ಟ್, ಪೂರ್ವ ಆಫ್ರಿಕಗಳಿಗೆ ಸುಮಾರು ೧,೫೦೦ ಮೈಲಿಯಷ್ಟು ಕಂಬಿಗಳು ಹೋದದ್ದು ಇದೇ ಕಾರ್ಖಾನೆಯಿಂದ. ೧೯೧೯ನೆಯ ಜನವರಿಯಲ್ಲಿ ವೈಸರಾಯ್ ಚೆಮ್ಸ್‌ಫರ್ಡ್ ಅವರು ಸಾಕ್ಚಿಗೆ ಬಂದು, ಆ ಊರಿಗೆ ಸಂಸ್ಥಾಪಕರ ಹೆಸರಿನಿಂದ ಜಮ್‌ಶೆಡ್‌ಪುರವೆಂದು ನಾಮಕರಣ ಮಾಡಿದರು.

ಈ ನಡುವೆ ದೊರಾಬ್ಜಿಯವರು ಕೈಗೊಂಡ ಇತರ ಕಾರ್ಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ತಂದೆಯು ಸಂಕಲ್ಪಿಸಿದ್ದ ವಿಜ್ಞಾನ ಮಂದಿರವನ್ನು ಸೋದರ ರತನ್‌ಜಿಯವರೊಡನೆ ಕೂಡಿ ಬೆಂಗಳೂರಿನಲ್ಲಿ ನೆಲೆಗೊಳಿಸಿದರು. ಅದಕ್ಕೆ ಮೈಸೂರು ಸಂಸ್ಥಾನವು ಸುಮಾರು ೩೭೦ ಎಕರೆ ಭೂಮಿಯನ್ನು ಕೊಟ್ಟಿತು. ೧೯೧೧ರಲ್ಲಿ ಪಾಠಪ್ರವಚನಗಳು ಆರಂಭವಾದವು. ಪಶ್ಚಿಮ ಘಟ್ಟಗಳ ಮಳೆನೀರಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು ಮುಂಬಯಿಯ ಗಿರಣಿಗಳಿಗೆ ಒದಗಿಸಿದರು. ೧೯೧೦ರಲ್ಲಿ ಸರ್ ಪದವಿಯನ್ನು ಪಡೆದರು. ೧೯೨೦ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕ್ರೀಡೆಗಳಿಗೆ ಭಾರತೀಯರನ್ನು ಕಳುಹಿಸಲು ಸ್ವಂತ ಹಣವನ್ನು ವೆಚ್ಚಮಾಡಿದರು. ಹಾಗೆ ಹೋದವರಲ್ಲಿ ದೀರ್ಘ ಓಟಗಾರರಾದ ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆಯವರೂ ಒಬ್ಬರು. ೧೯೨೭ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಗೆ ದೊರಾಬ್ಜಿಯವರೇ ಮೊದಲನೆಯ ಅಧ್ಯಕ್ಷರಾದರು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಯುದ್ಧಕಾಲದಲ್ಲಿ ಉಕ್ಕಿಗೆ ಬಂದ ಬೇಡಿಕೆಯನ್ನು ನೋಡಿ ಕಂಪೆನಿಯವರು ಕಾರ್ಖಾನೆಯನ್ನು ಹಲವು ಮಡಿ ವಿಸ್ತರಿಸುವ ಕಾರ್ಯಕ್ಕೆ ಕೈಹಾಕಿದರು. ಆ ಯಂತ್ರಗಳನ್ನು ಕೊಂಡದ್ದು ಬೆಲೆಗಳು ಶಿಖರಕ್ಕೇರಿದ್ದ ಕಾಲದಲ್ಲಿ. ಅವು ಕೆಲಸಕ್ಕೆ ತೊಡಗುವ ಹೊತ್ತಿಗೆ ಉಕ್ಕಿನ ಬೆಲೆಯು ಪಾತಾಳಕ್ಕಿಳಿದಿತ್ತು. ಯೂರೋಪಿನ ಕಾರ್ಖಾನೆಗಳು ಸೈನ್ಯದ ಕೆಲಸವಿಲ್ಲದೆ ಸರಕನ್ನು ಹೊರನಾಡುಗಳಿಗೆ ನೂಕುತ್ತಿದ್ದವು. ಬೆಲ್ಜಿಯಂ ದೇಶದ ನಾಣ್ಯದ ಬೆಲೆ ಕುಸಿದುದರಿಂದ ಅಲ್ಲಿಯ ಉಕ್ಕು ನಮ್ಮ ಬಂದರುಗಳಲ್ಲಿ ಅಗ್ಗಕ್ಕೆ ಬಂದು ಬಿತ್ತು. ಕಬ್ಬಿಣವನ್ನು ಕೊಳ್ಳುತ್ತಿದ್ದ ಜಪಾನ್ ದೇಶವು ೧೯೨೩ರ ಭೂಕಂಪದಿಂದ ತತ್ತರಿಸಿತು. ೧೯೨೪ರಲ್ಲಿ ಕೆಲಸಗಾರರ ಸಂಬಳಕ್ಕೆ ಹಣವಿಲ್ಲವೆಂದು ಜಮ್‌ಶೆಡ್‌ಪುರದಿಂದ ತಂತಿ ಬಂದಿತು.

ಆಗ ದೊರಾಬ್ಜಿಯವರು ಮಾಡಿದ ಕೆಲಸವನ್ನು ನಮ್ಮ ಕೈಗಾರಿಕೆಗಳ ಚರಿತ್ರೆಯಲ್ಲಿ ಮರೆಯಲಾಗದು. ಸುಮಾರು ಒಂದು ಕೋಟಿ ರೂಪಾಯಿ ಬೆಲೆಯ ತಮ್ಮ ಸ್ವಂತ ಆಸ್ತಿಯೆಲ್ಲವನ್ನೂ, ಪತ್ನಿಯ ಒಡವೆಗಳನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಕಂಪೆನಿಗೆ ಸಾಲ ತಂದರು. ಆ ಒಡವೆಗಳಲ್ಲಿ ಜ್ಯೂಬಿಲಿ ಎಂಬ ಪ್ರಸಿದ್ಧ ವಜ್ರವೂ ಇದ್ದಿತು. ಅದರ ತೂಕ ೨೪೫ ಕ್ಯಾರೆಟ್ಟಿಗೂ ಹೆಚ್ಚು, ಎಂದರೆ ಕೊಹಿನೂರಿನ ಇಮ್ಮಡಿಗಿಂತ ಅಧಿಕ. ನಿಯಮಿತ ಹೊಣೆಯ ಕಂಪೆನಿಯ ಅಧ್ಯಕ್ಷನು ತನ್ನ ಷೇರಿನ ಹಣವನ್ನು ಕಳೆದುಕೊಂಡು ಕೈತೊಳೆದುಕೊಳ್ಳಬಹುದೆಂಬುದು ಕಾನೂನು. ಹೆಂಡತಿಯ ಕೊರಳಿನ ಒಡವೆಯನ್ನು ಬಿಚ್ಚಿ ಕೊಡಬೇಕೆಂದು ಯಾವ ಕಾನೂನೂ ಹೇಳಲಿಲ್ಲ. ಕಾನೂನು ಕೇಳದ್ದನ್ನು ಅವರು ಕೊಟ್ಟರು.

ಆದರೆ ಒಬ್ಬನ ಒಡವೆಯಿಂದ ಕೆಲವು ತಿಂಗಳು ಸಾಗಬಹುದಲ್ಲದೆ ಒಂದು ಕೈಗಾರಿಕೆಯು ಶಾಶ್ವತವಾಗಿ ನಿಲ್ಲಲಾರದು. ಆದಕಾರಣ ಕಂಪೆನಿಯು ಸರ್ಕಾರದ ರಕ್ಷಣೆಯನ್ನು ಬೇಡಿತು. ಅದಕ್ಕೆ ಮೊದಲೇ ಸರ್ ಇಬ್ರಾಹಿಂ ರಹಿಮತುಲ್ಲಾ ಅವರ ಅಧ್ಯಕ್ಷತೆಯ ಹಣಕಾಸಿನ ಆಯೋಗವು ೧೯೨೨ರಲ್ಲಿ ಮೂರು ಪರೀಕ್ಷೆಗಳನ್ನು ಗೊತ್ತುಮಾಡಿತ್ತು. ಆ ಕೈಗಾರಿಕೆಗೆ ದೇಶದಲ್ಲಿ ಸ್ವಾಭಾವಿಕ ಅನುಕೂಲಗಳಿರಬೇಕು; ರಕ್ಷಣೆಯಿಲ್ಲದೆ ಅದು ಬೆಳೆಯಲಾರದೆಂಬುದು ಸಿದ್ಧವಾಗಬೇಕು; ಕಾಲಕ್ರಮದಲ್ಲಿ ರಕ್ಷಣೆಯಿಲ್ಲದೆಯೇ ಲೋಕದ ಸ್ಪರ್ಧೆಯನ್ನು ಎದುರಿಸಬಲ್ಲುದಾಗಬೇಕು. ಮೂರನೆಯ ಪರೀಕ್ಷೆಯೇ ಎಲ್ಲಕ್ಕೂ ಮುಖ್ಯವೆಂದು ನಮ್ಮ ಅಭಿಪ್ರಾಯ. ಊರುಗೋಲು ಹಿಡಿದವನು ಒಂದು ದಿನ ಅದನ್ನು ಬಿಟ್ಟು ನಡೆಯುವನೆಂಬ ಭರವಸೆಯ ಮೇಲೆ ಅದನ್ನು ಕೊಡಬೇಕಲ್ಲದೆ, ಊರುಗೋಲಿನಲ್ಲೇ ಜೀವಮಾನ ಕಳೆಯಲೆಂದು ಕೊಡತಕ್ಕದ್ದಲ್ಲ.

ಸರ್ ಜಾರ್ಜ್ ರೇನಿಯವರ ಅಧ್ಯಕ್ಷತೆಯ ಸುಂಕಮಂಡಲಿಯು ವಿಚಾರಣೆ ನಡೆಸಿತು. ಉಕ್ಕಿನ ಪಟ್ಟಿ ಸಲಾಕೆಗಳನ್ನು ಟನ್ನಿಗೆ ೧೮೦ ರೂಪಾಯಿಗೆ ಮಾರಿದಲ್ಲದೆ ಸ್ವದೇಶದ ಕಾರ್ಖಾನೆಗೆ ಗಿಟ್ಟದೆಂದೂ, ಆಮದಿನ ಸರಕು ೧೪೦ ರೂಪಾಯಿಗೆ ಬಂದಿಳಿಯುವುದೆಂದೂ ಲೆಕ್ಕವಾಯಿತು. ನಡುವಣ ೪೦ ರೂಪಾಯಿಯೇ ಸುಂಕವಾಯಿತು. ಛಾವಣಿಗೆ ಹಾಕುವ ಸತುವಿನ ಲೇಪದ ತಗಡಿಗೆ ಟನ್ನಿಗೆ ೪೫, ಸೀಮೆಎಣ್ಣೆಯ ಡಬ್ಬಿ ಮಾಡುವ ತವರದ ಲೇಪದ ತಗಡಿಗೆ ೬೦ ರೂಪಾಯಿ. ರೈಲುಕಂಬಿಗಳ ವಿಷಯದಲ್ಲಿ ಕಂಪೆನಿಯು ಮೊದಲೇ ಬೆಲೆಯನ್ನು ಒಪ್ಪಿಕೊಂಡಿದ್ದುದರಿಂದ ಸುಂಕದಿಂದ ಅದಕ್ಕೆ ಪ್ರಯೋಜನವಿರಲಿಲ್ಲ. ಅದಕ್ಕಾಗಿ ಬೊಕ್ಕಸದಿಂದಲೇ ಟನ್ನಿಗೆ ಮೊದಲನೆಯ ವರ್ಷ ೩೨, ಎರಡನೆಯ ವರ್ಷ ೨೬, ಮೂರನೆಯ ವರ್ಷ ೨೦ ರೂಪಾಯಿ ಸಹಾಯಧನವೆಂದು ಗೊತ್ತಾಯಿತು. ೧೯೨೪ನೆಯ ಜೂನ್ ತಿಂಗಳಲ್ಲಿ ಕೇಂದ್ರ ಶಾಸನಸಭೆಯು ಮೂರು ವರ್ಷಗಳ ಅವಧಿಗೆ ಶಾಸನವನ್ನು ಮಾಡಿತು. ಪರಸರ್ಕಾರವನ್ನು ಹೆಜ್ಜೆಹೆಜ್ಜೆಗೂ ಎದುರಿಸುತ್ತಿದ್ದ ಮೋತಿಲಾಲ ನೆಹರೂ ಅವರ ಸ್ವರಾಜ್ಯ ಪಕ್ಷದವರು ಈ ಒಂದು ವಿಷಯದಲ್ಲಿ ದೇಶದ ಕೈಗಾರಿಕೆಯ ಪರವಾಗಿ ನಿಂತರು. ಕಾರ್ಮಿಕರ ಪ್ರತಿನಿಧಿಯಾದ ಎನ್. ಎಂ. ಜೋಶಿಯವರು ಬಡ ಗ್ರಾಹಕನ ಹೊರೆಯನ್ನೂ ಕೆಲಸಗಾರನ ಸ್ಥಿತಿಯನ್ನೂ ಸಭೆಯ ಮುಂದಿಡಲು ಹಿಂಜರಿಯಲಿಲ್ಲ.

ಈ ಹೊರೆಯೆಷ್ಟೆಂದು ವಾಚಕರು ಸ್ವತಃ ಲೆಕ್ಕಹಾಕಬಹುದು. ಒಂದು ಟನ್ನಿಗೆ ೨,೨೪೦ ಪೌಂಡು. ರೂಪಾಯಿಗೆ ಆ ಕಾಲದ ೧೬ ಆಣೆ. ರೈತನೊಬ್ಬನು ಗಾಡಿಯ ಗಾಲಿಗಳಿಗೆ ಪಟ್ಟೆ ಹಾಕಿಸಲು ೧೦೦ ಪೌಂಡು ತೂಕದ ಕಬ್ಬಿಣ ಕೊಂಡನೆಂದು ಇಟ್ಟುಕೊಳ್ಳೋಣ. ಟನ್ನಿಗೆ ೪೦ ರೂಪಾಯಿ ಸುಂಕವೆಂದರೆ ಅವನ ಪಾಲಿಗೆ ಸುಮಾರು ೧ ರೂಪಾಯಿ ೧೨½ ಆಣೆ. ೧೯೨೨ರಿಂದ ಇದ್ದ ನೂರಕ್ಕೆ ಹತ್ತರ ಹಳೆಯ ಸುಂಕವನ್ನು ಕಳೆದರೆ ಹೊಸದಾಗಿ ಬಿದ್ದದ್ದು ೧ ರೂಪಾಯಿ ೨½ ಆಣೆಯಷ್ಟು. ಕಚೇರಿಯ ಅಧಿಕಾರಿಗೆ ಇದು ಅಲ್ಪವೆಂದು ತೋರಬಹುದು. ದಿನಗೂಲಿಯನ್ನು ಆಣೆಗಳಲ್ಲಿ ಎಣಿಸುವವನಿಗೆ ಅಲ್ಪವಲ್ಲ. ಸುಂಕದ ಮತ್ತೊಂದು ಗುಣವನ್ನೂ ಗಮನಿಸಬೇಕು. ಆಗ ದೇಶಕ್ಕೆ ಬೇಕಾದ ಉಕ್ಕಿನ ಬಹುಭಾಗವು ಹೊರಗಿನಿಂದಲೇ ಬರುತ್ತಿತ್ತು. ಸಹಾಯಧನವು ಸ್ವದೇಶದಲ್ಲಿ ತಯಾರಾದ ಸರಕಿಗೆ ಮಾತ್ರ ಸಲ್ಲುವುದು. ಅದನ್ನು ತೆರುವುದು ಬೊಕ್ಕಸ, ಲೆಕ್ಕವು ಎಲ್ಲರ ಕಣ್ಣಿಗೂ ಬೀಳುವುದು. ಸುಂಕವಾದರೋ ಪರದೇಶದ ಸರಕಿನ ಬೆಲೆಯನ್ನೂ ಏರಿಸಿ, ಅದರ ಮರೆಯಲ್ಲಿ ಸ್ವದೇಶದ ಸರಕಿನ ಬೆಲೆಯನ್ನೂ ಏರಿಸುವುದು. ಕೊಳ್ಳುವವನು ಎರಡನ್ನೂ ತೆರುವನು. ತೆತ್ತೆನೆಂಬುದು ಅವನಿಗೆ ತಿಳಿಯದು. ಕಮ್ಮಾರನ ಕುಲುಮೆಯ ಮುಂದೆ ಕುಳಿತವನಿಗೆ ಬೆಲೆ ಮಾತ್ರ ಕಾಣುವುದು, ಸುಂಕವು ಕಾಣದು.

ಅಂದಿನ ವರ್ಷಗಳಲ್ಲಿ ಇನ್ನೊಂದು ವಿಚಿತ್ರವೂ ನಡೆಯಿತು. ಸುಂಕ ಹಾಕಿದ ಕೆಲವೇ ತಿಂಗಳಲ್ಲಿ ಯೂರೋಪಿನ ಉಕ್ಕು ಮತ್ತಷ್ಟು ಅಗ್ಗವಾಗಿ, ಸುಂಕದ ಗೋಡೆಯನ್ನು ದಾಟಿ ಬಂದಿತು. ಮತ್ತೆ ಸುಂಕವನ್ನು ಏರಿಸುವ ಬದಲು ಸರ್ಕಾರವು ಒಂದು ವರ್ಷಕ್ಕೆ ೫೦ ಲಕ್ಷ ರೂಪಾಯಿಗೆ ಮೀರದ ಸಹಾಯಧನವನ್ನು ಕೊಟ್ಟಿತು. ಲೋಕದ ಬೆಲೆಯೇ ಇಳಿಯುತ್ತಿದ್ದುದರಿಂದ ಗ್ರಾಹಕನಿಗೆ ಸುಂಕದ ಪೆಟ್ಟು ಅಷ್ಟಾಗಿ ತಟ್ಟಿದಂತೆ ತೋರಲಿಲ್ಲ. ಹಾಗೆಂದು ಅವನು ಏನನ್ನೂ ಕೊಡಲಿಲ್ಲವೆನ್ನುವುದು ಸರಿಯಲ್ಲ. ಅವನ ಕೈಸೇರಬೇಕಾಗಿದ್ದ ಅಗ್ಗದ ಲಾಭವು ಜಮ್‌ಶೆಡ್‌ಪುರವನ್ನು ಉಳಿಸಲು ಹೋಯಿತು.

ಉಕ್ಕನ್ನು ಕಚ್ಚಾಸಾಮಗ್ರಿಯಾಗಿ ಬಳಸುವ ಕಾರ್ಖಾನೆಗಳ ಗತಿಯೇನು? ಸೇತುವೆಯ ತೊಲೆಗಳನ್ನೂ ರೈಲುಬಂಡಿಗಳನ್ನೂ ಮಾಡುವ ಕಾರ್ಯಾಗಾರಗಳು ಆಗ ಕಲ್ಕತ್ತೆಯ ಸುತ್ತಮುತ್ತ ಇದ್ದವು. ಅವು ಕೊಳ್ಳುವ ಉಕ್ಕು ತುಟ್ಟಿಯಾಗಿ, ಸಿದ್ಧವಾದ ಸೇತುವೆಯು ಇಂಗ್ಲೆಂಡಿನಿಂದ ಹಿಂದಿನ ಸುಂಕಕ್ಕೇ ಬಂದರೆ, ಉಕ್ಕು ಕಾಯಿಸುವವನು ಬದುಕಿ ಉಕ್ಕನ್ನು ಬಗ್ಗಿಸುವವನು ಸಾಯುವನು. ಇದನ್ನರಿತೇ ಸುಂಕಮಂಡಲಿಯವರು ಸಿದ್ಧಪಡಿಸಿದ ಉಕ್ಕಿನ ಸಾಮಾನಿಗೆ ನೂರಕ್ಕೆ ಇಪ್ಪತ್ತೈದರ ಸುಂಕವನ್ನೂ, ರೈಲುಬಂಡಿಗಳಿಗೆ ಸಹಾಯಧನವನ್ನೂ ಸೂಚಿಸಿದರು. ಒಂದು ಸುಂಕವು ಮತ್ತೊಂದು ಸುಂಕವನ್ನು ಕರೆತರುವ ಬಗೆ ಇದು. ಸರಪಣಿಯ ಒಂದು ಕೊಂಡಿಯನ್ನು ಎಳೆದರೆ ಉಳಿದವೂ ಎಳೆಯಲ್ಪಡುವುವು. ಕೊನೆಯ ಕೊಂಡಿಯು ಗ್ರಾಹಕನ ಕೈಯಲ್ಲಿರುವುದು.

ಇನ್ನು ಕೆಲಸಗಾರನ ಮಾತು. ಜಮ್‌ಶೆಡ್‌ಪುರದಲ್ಲಿ ೧೯೧೨ರಲ್ಲಿಯೇ ಎಂಟು ಗಂಟೆಯ ದುಡಿಮೆಯು ಜಾರಿಗೆ ಬಂದಿತು. ೧೯೨೦ರ ವೇಳೆಗೆ ಉಚಿತ ವೈದ್ಯಸಹಾಯ, ಭವಿಷ್ಯನಿಧಿ, ಸಂಬಳಸಹಿತವಾದ ರಜೆಗಳು ಒದಗಿದ್ದವು. ಇವು ಕಾನೂನಿನ ಬಲವಂತದಿಂದ ಬಂದವಲ್ಲವೆಂಬುದು ತಾತಾ ಮನೆತನಕ್ಕೆ ಸಲ್ಲತಕ್ಕ ಗೌರವ. ಹಾಗಿದ್ದರೂ ೧೯೨೦ರಲ್ಲಿ ಮುಷ್ಕರವಾಗಿ, ಗುಂಡೇಟಿಗೆ ಸಿಕ್ಕಿ ಕೆಲಸಗಾರರು ಸತ್ತರೆಂಬುದನ್ನೂ, ೧೯೨೨ರಲ್ಲಿ ಮತ್ತೆ ಮುಷ್ಕರವಾಯಿತೆಂಬುದನ್ನೂ ಮರೆಮಾಡಲಾಗದು. ೧೯೨೫ನೆಯ ಆಗಸ್ಟಿನಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ದಯಮಾಡಿಸಿದ ಮೇಲೆ ಕಾರ್ಮಿಕ ಸಂಘಕ್ಕೆ ಕಂಪೆನಿಯ ಮನ್ನಣೆ ದೊರೆಯಿತು.

೧೯೨೭ರಲ್ಲಿ ರಕ್ಷಣೆಯನ್ನು ಇನ್ನೂ ಏಳು ವರ್ಷಕ್ಕೆ ಮುಂದುವರಿಸಿದಾಗ ಸರ್ಕಾರವು ಅದರಲ್ಲಿ ತನ್ನ ದೇಶದ ಲಾಭವನ್ನು ಸೇರಿಸಿತು. ಉಕ್ಕಿನ ಪಟ್ಟಿ ಸಲಾಕೆಗಳು ಬ್ರಿಟನ್ನಿನವಾದರೆ ಟನ್ನಿಗೆ ೨೬ ರೂಪಾಯಿ, ಇತರ ದೇಶಗಳದಾದರೆ ೩೭ ರೂಪಾಯಿ ಸುಂಕವೆಂದಾಯಿತು. ಭಾರತದ ಗ್ರಾಹಕನು ತನ್ನ ದೇಶದ ಕಾರ್ಖಾನೆಗಾಗಿ ಹೊರೆ ಹೊರಲು ಒಪ್ಪಿದ್ದನೇ ಹೊರತು ಇಂಗ್ಲೆಂಡಿನ ಕಾರ್ಖಾನೆಗಾಗಿ ಅಲ್ಲ. ಶಾಸನಸಭೆಯಲ್ಲಿ ರಾಷ್ಟ್ರೀಯರು ಇದನ್ನು ಕಟುವಾಗಿ ವಿರೋಧಿಸಿದರು, ಫಲವಾಗಲಿಲ್ಲ. ಇದೇ ವೇಳೆ ಸಹಾಯಧನಗಳೂ ನಿಂತವು. ವೆಚ್ಚವನ್ನು ತಗ್ಗಿಸಿದಲ್ಲದೆ ಮುಂದೆ ಸ್ಪರ್ಧೆಯಲ್ಲಿ ನಿಲ್ಲುವಂತಿರಲಿಲ್ಲ. ಹೊಸ ಯಂತ್ರಗಳು ಹೆಚ್ಚು ಉಕ್ಕನ್ನು ಕಡಮೆ ಕೈಗಳಿಂದ ತೆಗೆಯಬಲ್ಲವಾಗಿದ್ದವು. ಕಂಪೆನಿಯು ಕೆಲಸಗಾರರ ಸಂಖ್ಯೆಯನ್ನು ಇಳಿಸಹೊರಟಿತು. ಅದರ ಫಲವೇ ೧೯೨೮ರ ಮಹಾ ಮುಷ್ಕರ. ಕಾರ್ಖಾನೆಗೆ ಬೀಗ ಬಿದ್ದು ಹಲವು ತಿಂಗಳು ಕುಲುಮೆಗಳು ತಣ್ಣಗಾದವು. ಸುಭಾಷಚಂದ್ರ ಬೋಸರು ಮಧ್ಯೆ ನಿಂತು ಸೆಪ್ಟೆಂಬರಿನಲ್ಲಿ ರಾಜಿ ಮಾಡಿಸಿದರು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಸುಂಕವನ್ನು ಬೇಡುವಾಗ ಸಾವಿರಾರು ಕುಟುಂಬಗಳ ಅನ್ನದ ಹೆಸರಿನಲ್ಲಿ ಬೇಡುವರು. ೧೯೨೪ರಲ್ಲಿ ರಕ್ಷಣೆ ದೊರೆಯದಿದ್ದರೆ ಆ ಅನ್ನವೆಲ್ಲವೂ ಹೋಗುತ್ತಿತ್ತೆಂಬುದು ನಿಜ. ಆದರೆ ರಕ್ಷಣೆಯು ಉಕ್ಕನ್ನು ಹೆಚ್ಚಿಸಿತೇ ಹೊರತು ಉಕ್ಕಿನ ಕಾರ್ಖಾನೆಯ ಕೆಲಸಗಳನ್ನು ಹೆಚ್ಚಿಸಲಿಲ್ಲವೆಂಬುದೂ ಅಷ್ಟೇ ನಿಜ. ೧೯೨೩-೨೪ರಲ್ಲಿ ಸುಮಾರು ೧.೬ ಲಕ್ಷ ಟನ್ನಿದ್ದ ಸಿದ್ಧ ಉಕ್ಕಿನ ಉತ್ಪನ್ನವು ೧೯೨೭-೨೮ರಲ್ಲಿ ೪ ಲಕ್ಷ ಟನ್ನನ್ನು ಮೀರಿತು. ಕೆಲಸಗಾರರ ಸಂಖ್ಯೆ ಇಳಿಮುಖವಾಯಿತು. ಸುಂಕವು ಕೈಗಾರಿಕೆಯನ್ನು ಬದುಕಿಸಬಲ್ಲದು. ಇಂತಿಷ್ಟು ಜನರಿಗೆ ಇಂತಹ ಊರಿನಲ್ಲಿ ಕೆಲಸವನ್ನು ಕೊಟ್ಟೇ ಕೊಡುವೆನೆಂದು ಅದು ಮಾತು ಕೊಡಲಾರದು. ಹೊಸ ಕೆಲಸಗಳು ಹುಟ್ಟಿದ್ದು ಹೆಚ್ಚಾಗಿ ಆ ಉಕ್ಕನ್ನು ಬಳಸುವ ಎಡೆಗಳಲ್ಲಿ. ಉಕ್ಕು ಸುಲಭ ಬೆಲೆಗೆ ಸಿಕ್ಕಿದಷ್ಟೂ ಅವು ಹೆಚ್ಚಿದವು.

ಹಾಗಾದರೆ ೧೯೨೪ರಲ್ಲಿ ಮಾಡಿದ್ದು ತಪ್ಪೆ? ತಪ್ಪಲ್ಲವೆಂದೇ ನಮ್ಮ ನಿರ್ಣಯ. ಏಕೆಂದರೆ ಮೂರನೆಯ ಪರೀಕ್ಷೆಯಲ್ಲಿ ಈ ಕೈಗಾರಿಕೆಯು ಉತ್ತೀರ್ಣವಾಯಿತು. ತಯಾರಿಕೆಯ ವೆಚ್ಚವು ವರ್ಷವರ್ಷಕ್ಕೂ ಇಳಿಯಿತು. ಷೇರುದಾರರು ಹಲವು ವರ್ಷ ಲಾಭಾಂಶವಿಲ್ಲದೆ ಕಾದರು. ೧೯೩೪ರಲ್ಲಿ ಸುಂಕಗಳನ್ನು ಬಹುಮಟ್ಟಿಗೆ ಇಳಿಸಿದರು. ಆ ವೇಳೆಗೆ ದೇಶಕ್ಕೆ ಬೇಕಾದ ಉಕ್ಕಿನ ಹೆಚ್ಚಿನ ಭಾಗವನ್ನು ಸ್ವದೇಶವೇ ಒದಗಿಸುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ನಿಂತಾಗ ದೇಶವು ಕೈಚಾಚದಿದ್ದುದಕ್ಕೆ ಆ ಊದುಕುಲುಮೆಗಳೇ ಕಾರಣ. ೧೯೪೭ರಲ್ಲಿ ಉಕ್ಕಿಗಿದ್ದ ರಕ್ಷಣೆಯು ಕೊನೆಗೊಂಡಿತು. ಗಾಲಿಗೆ ಪಟ್ಟೆ ಹಾಕಿಸಿದ ಆ ರೈತನ ೧ ರೂಪಾಯಿ ೨½ ಆಣೆಯು ದಾನವಾಗಿರಲಿಲ್ಲ, ಸಾಲವಾಗಿತ್ತು, ಅದು ತೀರಿತು.

ನಮ್ಮ ಭದ್ರಾವತಿಯ ಕಥೆಯೂ ಇದಕ್ಕೆ ದೂರವಲ್ಲ. ಜಮ್‌ಶೆಡ್‌ಪುರವನ್ನು ಯೋಜಿಸಿದ ಪೆರಿನ್ನರ ಸಲಹೆಯನ್ನೇ ಪಡೆದು ಮೈಸೂರು ಸರ್ಕಾರವು ಕಟ್ಟಿದ ಕಬ್ಬಿಣದ ಕಾರ್ಖಾನೆಯು ೧೯೨೩ನೆಯ ಜನವರಿಯಲ್ಲಿ, ಅದೇ ಬೆಲೆಕುಸಿತದ ಕಾಲದಲ್ಲಿ, ಬೆಂಕಿ ಕಂಡಿತು. ಅದನ್ನು ನಷ್ಟದಿಂದ ಎತ್ತಿ ನಿಲ್ಲಿಸಲು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದ ಮೇಲೂ ಬಂದು ದುಡಿಯಬೇಕಾಯಿತು. ವೆಚ್ಚವನ್ನು ಕಡಿದು, ಉಪವಸ್ತುಗಳನ್ನು ಮಾರಾಟಕ್ಕೆ ತಂದು ಅವರು ಅದನ್ನು ನಡೆಸಿದರು. ಮುಂದೆ ಅವರು ತಾತಾ ಉಕ್ಕಿನ ಕಂಪೆನಿಯ ನಿರ್ದೇಶಕರೂ ಆದರು. ಗೋಡೆಯ ಮರೆಯಲ್ಲಿ ಕುಳಿತು ಕಾಲ ಕಳೆಯುವುದಕ್ಕಾಗಿ ರಕ್ಷಣೆಯಲ್ಲ, ದುಡಿದು ಗಟ್ಟಿಯಾಗುವುದಕ್ಕಾಗಿ ಎಂಬುದನ್ನು ಇಬ್ಬರೂ ಅರಿತಿದ್ದರು.

ದೊರಾಬ್ಜಿಯವರಿಗೆ ಮಕ್ಕಳಿರಲಿಲ್ಲ. ೧೯೩೧ನೆಯ ಜೂನ್ ತಿಂಗಳಲ್ಲಿ ಮೆಹರ್‌ಬಾಯಿಯವರು ರಕ್ತದ ಅರ್ಬುದರೋಗದಿಂದ ವೇಲ್ಸ್ ದೇಶದಲ್ಲಿ ತೀರಿಕೊಂಡರು. ಮರುವರ್ಷ, ೧೯೩೨ರ ಮಾರ್ಚಿನಲ್ಲಿ, ದೊರಾಬ್ಜಿಯವರು ಉಳಿದಿದ್ದ ತಮ್ಮ ಆಸ್ತಿಯೆಲ್ಲವನ್ನೂ ಧರ್ಮನಿಧಿಗೆ ಬರೆದುಕೊಟ್ಟರು. ಕೊರಳಪಟ್ಟಿಗೆ ಚುಚ್ಚುವ ಮುತ್ತಿನ ಪಿನ್ನನ್ನು ಸಹ ಬಿಡಲಿಲ್ಲ. ಏಪ್ರಿಲಿನಲ್ಲಿ ಪತ್ನಿಯ ಹೆಸರಿನಲ್ಲಿ ರಕ್ತರೋಗಗಳ ಸಂಶೋಧನೆಗಾಗಿ ಬೇರೊಂದು ನಿಧಿಯನ್ನು ಸ್ಥಾಪಿಸಿದರು. ಬಳಿಕ ಪತ್ನಿಯ ಸಮಾಧಿಯನ್ನು ನೋಡಲು ಇಂಗ್ಲೆಂಡಿಗೆ ಹೊರಟವರು ದಾರಿಯಲ್ಲಿ, ಜರ್ಮನಿಯ ಬಾಡ್ ಕಿಸ್ಸಿಂಗೆನ್ ಎಂಬಲ್ಲಿ, ಜೂನ್ ೩ರಂದು ದೇಹಬಿಟ್ಟರು. ಬ್ರೂಕ್‌ವುಡ್ಡಿನಲ್ಲಿ ಪತ್ನಿಯ ಪಕ್ಕದಲ್ಲಿಯೇ ಅವರ ಸಮಾಧಿಯಾಯಿತು. ಒಮ್ಮೆ ಬ್ಯಾಂಕಿನಲ್ಲಿ ಒತ್ತೆಯಾಗಿದ್ದ ಆ ವಜ್ರವನ್ನು ಮುಂದೆ ಮಾರಿದರು. ಹಣವು ಧರ್ಮನಿಧಿಯನ್ನು ಸೇರಿತು. ೧೯೪೧ರಲ್ಲಿ ಮುಂಬಯಿಯಲ್ಲಿ ತೆರೆದ ತಾತಾ ಸ್ಮಾರಕ ಆಸ್ಪತ್ರೆಯು ಆ ನಿಧಿಯ ಫಲ.

೨೦೧೮ರಲ್ಲಿ ಅಮೆರಿಕ ದೇಶವು ಪರದೇಶದ ಉಕ್ಕಿಗೆ ನೂರಕ್ಕೆ ಇಪ್ಪತ್ತೈದರ ಸುಂಕವನ್ನು ಹೇರಿ, ೨೦೨೫ರಲ್ಲಿ ಅದನ್ನು ಐವತ್ತಕ್ಕೇರಿಸಿತು. ಅದೇ ೨೦೨೫ರ ಏಪ್ರಿಲಿನಲ್ಲಿ ನಮ್ಮ ಸರ್ಕಾರವೂ ಕೆಲವು ಬಗೆಯ ಉಕ್ಕಿನ ತಗಡುಗಳಿಗೆ ೨೦೦ ದಿನಗಳ ಮಟ್ಟಿಗೆ ನೂರಕ್ಕೆ ಹನ್ನೆರಡರ ತಾತ್ಕಾಲಿಕ ಸುಂಕವನ್ನು ವಿಧಿಸಿತು. ಬೇಡುವವರ ಮಾತು ನೂರು ವರ್ಷಗಳಿಂದ ಒಂದೇ. ಕೇಳತಕ್ಕ ಪ್ರಶ್ನೆಗಳೂ ಒಂದೇ. ಊರುಗೋಲನ್ನು ಬಿಡುವ ದಿನ ಯಾವುದು? ಹೆಚ್ಚು ಬೆಲೆ ತೆರುವ ಸಣ್ಣ ಕಾರ್ಯಾಗಾರದವನಿಗೂ, ಮನೆ ಕಟ್ಟುವವನಿಗೂ ಲೆಕ್ಕ ಒಪ್ಪಿಸುವವರಾರು? ಉಳಿದ ಕಾರ್ಖಾನೆಯಲ್ಲಿ ಕೆಲಸಗಾರನ ಪಾಲೆಷ್ಟು? ಇವೆಲ್ಲಕ್ಕೂ ಮೇಲಾಗಿ, ಜನರ ಜೇಬಿಗೆ ಕೈಹಾಕುವ ಯಜಮಾನನು ತನ್ನ ಸ್ವಂತ ಪೆಟ್ಟಿಗೆಯಿಂದ ಒತ್ತೆಯಿಟ್ಟದ್ದೇನು? ಉಪ್ಪು ತಿಂದವನು ನೀರು ಕುಡಿಯಲೇಬೇಕು. ಸುಂಕದ ಉಪ್ಪನ್ನು ತಿಂದ ಕೈಗಾರಿಕೆಗಳು ಇದಕ್ಕೆ ಹೊರತಲ್ಲ. ದೊರಾಬ್ಜಿಯವರ ಹೆಸರನ್ನೆತ್ತಿ ರಕ್ಷಣೆಯನ್ನು ಬೇಡುವವರು ಅವರು ಕೊಟ್ಟದ್ದನ್ನೂ ನೆನೆಯಬೇಕೆಂಬುದಷ್ಟೇ ನಮ್ಮ ಅರಿಕೆ.